ಸೋಡಿಯಂ ಕಡಿಮೆ ಬಂದರೆ ಉಪ್ಪು ತಿನ್ನಿಸಬೇಕೆ? ಕಿಡ್ನಿ ಉಪ್ಪನ್ನೂ ನೀರನ್ನೂ ಸಂಭಾಳಿಸುವ ಬಗೆ

ಮಾತ್ರೆಚೀಟಿ
ಔಷಧಿ ಅಂಗಡಿಗೆ ಎರಡು ಬಗೆಯ ವರದಿಗಳು ಮತ್ತೆ ಮತ್ತೆ ಬರುತ್ತವೆ, ಕೇಳುವ ಪ್ರಶ್ನೆ ಮಾತ್ರ ಒಂದೇ. ಮೊದಲನೆಯದು: 70 ದಾಟಿದ ತೆಳ್ಳನೆಯ ಹೆಂಗಸು, ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್ ಶುರುವಾಗಿ ಎರಡು ವಾರ, ಸುಸ್ತು, ನಡೆಯುವಾಗ ತೂರಾಟ, ರಕ್ತದ ಸೋಡಿಯಂ 126. ಎರಡನೆಯದು: ಹೃದಯ ವೈಫಲ್ಯ, ಎರಡೂ ಕಾಲು ಊದಿವೆ, ಸೋಡಿಯಂ 128. "ಮೈಯಲ್ಲಿ ಉಪ್ಪು ಕಮ್ಮಿಯಾಗಿದೆ" ಎಂದುಕೊಂಡು ಎರಡೂ ಮನೆಯವರು ಮಜ್ಜಿಗೆಗೆ ಉಪ್ಪು ಬೆರೆಸಿ ಕುಡಿಸಲು ಹೊರಡುತ್ತಾರೆ. ಎರಡನೆಯ ರೋಗಿಗೆ ಡಾಕ್ಟರು ಉಪ್ಪೂ ಬೇಡ, ನೀರೂ ಮಿತಿಯಲ್ಲಿರಲಿ ಅಂದಿರುತ್ತಾರೆ. ವರದಿಯಲ್ಲಿ ಸೋಡಿಯಂ ಕಡಿಮೆ, ಊಟದಲ್ಲೂ ಉಪ್ಪು ಕಡಿಮೆ ಮಾಡಿ ಎಂದರೆ ಮನೆಯವರು ನಂಬುವುದಿಲ್ಲ. ಕಿಡ್ನಿಯ ಒಳಗೆ ಏನು ನಡೆಯುತ್ತದೆ ಎಂಬಲ್ಲಿಂದಲೇ ಯಾರಾದರೂ ವಿವರಿಸಿ.

ಶರೀರಕ್ರಿಯೆ ಮೇಷ್ಟ್ರು
ವರದಿಯ 126 ಎನ್ನುವುದು ಮೈಯಲ್ಲಿರುವ ಉಪ್ಪಿನ ಮೊತ್ತವಲ್ಲ. ಒಂದು ಲೀಟರ್ ರಕ್ತದ್ರವದಲ್ಲಿ ಎಷ್ಟು ಮಿಲಿಮೋಲ್ ಸೋಡಿಯಂ ಇದೆ ಎಂಬ ಸಾಂದ್ರತೆ ಅದು. ಉಪ್ಪು ಹಾಗೇ ಇದ್ದು ನೀರು ಹೆಚ್ಚಿದರೂ ಈ ಸಂಖ್ಯೆ ಇಳಿಯುತ್ತದೆ. ಉಪ್ಪು ವಿಪರೀತ ಹೆಚ್ಚಿದ್ದು ನೀರು ಅದಕ್ಕಿಂತಲೂ ಹೆಚ್ಚಿದರೂ ಇಳಿಯುತ್ತದೆ. ಆದ್ದರಿಂದ ರಕ್ತದ ಸೋಡಿಯಂ ಹೇಳುವುದು ನೀರಿನ ಸ್ಥಿತಿಯನ್ನು. ಉಪ್ಪಿನ ಮೊತ್ತ ತಿಳಿಯಬೇಕಾದರೆ ಕಾಲಿನ ಊತ, ದಿನದಿನದ ತೂಕ, ಕುತ್ತಿಗೆಯ ರಕ್ತನಾಳದ ಉಬ್ಬು, ಎದ್ದು ನಿಂತಾಗ ಬಿಪಿ ಎಷ್ಟು ಇಳಿಯುತ್ತದೆ ಎಂಬುದನ್ನು ನೋಡಬೇಕು. ಎರಡನ್ನೂ ಕಿಡ್ನಿ ಬೇರೆ ಬೇರೆ ಹಾರ್ಮೋನುಗಳ ಮಾತು ಕೇಳಿ ನಡೆಸುತ್ತದೆ.

ಉಪ್ಪಿನ ಕೆಲಸದ ಗಾತ್ರ ನೋಡಿ. ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ದಿನಕ್ಕೆ 180 ಲೀಟರ್ ದ್ರವ ಸೋಸುತ್ತವೆ. ಲೀಟರಿಗೆ 140ರಂತೆ ಅದರಲ್ಲಿ ಸುಮಾರು 25,000 ಮಿಲಿಮೋಲ್ ಸೋಡಿಯಂ ಇರುತ್ತದೆ, ಅಡುಗೆ ಉಪ್ಪಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೂವರೆ ಕಿಲೋ. ಮೂತ್ರದಲ್ಲಿ ಹೊರಹೋಗುವುದು 100ರಿಂದ 200 ಮಿಲಿಮೋಲ್, ಅಂದರೆ ಶೇ. 1ಕ್ಕಿಂತ ಕಡಿಮೆ. ಉಳಿದದ್ದೆಲ್ಲ ವಾಪಸ್. ಮೊದಲ ಸುರುಳಿ ನಾಳದಲ್ಲಿ ಸುಮಾರು ಶೇ. 65, ಹೆನ್ಲೆ ಕುಣಿಕೆಯ ಮೇಲೇರುವ ದಪ್ಪ ಭಾಗದಲ್ಲಿ ಶೇ. 25, ದೂರದ ಸುರುಳಿಯಲ್ಲಿ ಶೇ. 5ರಿಂದ 8, ಕೊನೆಯ ಸಂಗ್ರಾಹಕ ನಾಳದಲ್ಲಿ ಶೇ. 2ರಿಂದ 5. ಈ ಕೊನೆಯ ಅಲ್ಪ ಪಾಲನ್ನು ಅಲ್ಡೊಸ್ಟೆರಾನ್ ಎಂಬ ಹಾರ್ಮೋನು ಹಿಡಿತದಲ್ಲಿಟ್ಟುಕೊಂಡಿದೆ. ಇವತ್ತು ತಿಂದ ಉಪ್ಪು ಹೊರಹೋಗಬೇಕೋ ಉಳಿಯಬೇಕೋ ಎಂಬ ಅಂತಿಮ ತೀರ್ಮಾನ ಬಹುಮಟ್ಟಿಗೆ ಅಲ್ಲೇ ಆಗುತ್ತದೆ. ಎಲ್ಲ ಕಡೆಯೂ ಶಕ್ತಿ ಖರ್ಚು ಮಾಡಿ ಎಳೆಯುವುದು ಜೀವಕೋಶದ ಹಿಂಬದಿಯ ಸೋಡಿಯಂ-ಪೊಟ್ಯಾಷಿಯಂ ಪಂಪು. 1957ರಲ್ಲಿ ಅದನ್ನು ತೋರಿಸಿಕೊಟ್ಟ ಯೆನ್ಸ್ ಸ್ಕೌ ಅವರಿಗೆ 1997ರಲ್ಲಿ ನೊಬೆಲ್ ಬಂತು.

ಉಪ್ಪಿನ ಮೊತ್ತ ಇಳಿದರೆ ರಕ್ತನಾಳಗಳು ತುಂಬಿರುವುದಿಲ್ಲ. ಕಿಡ್ನಿಗೆ ಬರುವ ಒತ್ತಡ ತಗ್ಗಿ ರೆನಿನ್ ಹೊರಬೀಳುತ್ತದೆ. ಅದರಿಂದ ಆಂಜಿಯೊಟೆನ್ಸಿನ್-2, ಅದರಿಂದ ಅಲ್ಡೊಸ್ಟೆರಾನ್. ಉಪ್ಪು ಹೆಚ್ಚಿ ಹೃದಯದ ಮೇಲ್ಕೋಣೆ ಹಿಗ್ಗಿದರೆ ಅಲ್ಲಿಂದ ಹೊರಡುವ ಹಾರ್ಮೋನು ಉಪ್ಪನ್ನು ಹೊರಕ್ಕೆ ಬಿಡಲು ಹೇಳುತ್ತದೆ. ಈ ವ್ಯವಸ್ಥೆ ನಿಧಾನದ್ದು. ಊಟದ ಉಪ್ಪು ದಿಢೀರನೆ ಹೆಚ್ಚಿದರೆ ಸಮತೋಲಕ್ಕೆ ಬರಲು 3ರಿಂದ 5 ದಿನ ಬೇಕು, ಅಷ್ಟರಲ್ಲಿ ತೂಕ ಒಂದು ಕಿಲೋವರೆಗೂ ಏರಿರಬಹುದು.

ನೀರಿನ ವ್ಯವಸ್ಥೆ ಚುರುಕು. ಮೆದುಳಿನ ಹೈಪೊಥಲಮಸ್ ರಕ್ತದ ಸಾಂದ್ರತೆಯಲ್ಲಿ ಶೇ. 1ರಿಂದ 2ರಷ್ಟು ಏರಿಳಿತವನ್ನೂ ಗುರುತಿಸುತ್ತದೆ. ಸಾಂದ್ರತೆ ಏರಿದರೆ ಬಾಯಾರಿಕೆ ಹುಟ್ಟುತ್ತದೆ, ಜೊತೆಗೆ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಏರುತ್ತದೆ. ಅದು ಸಂಗ್ರಾಹಕ ನಾಳದ ಗೋಡೆಯಲ್ಲಿ ಅಕ್ವಾಪೊರಿನ್-2 ಎಂಬ ನೀರಿನ ದಾರಿಗಳನ್ನು ತೆರೆಸುತ್ತದೆ, ಮೂತ್ರ ಗಟ್ಟಿಯಾಗುತ್ತದೆ. ಹಾರ್ಮೋನು ಇಲ್ಲದಿದ್ದರೆ ಆ ದಾರಿಗಳು ಮುಚ್ಚಿ ನೀರು ಮೂತ್ರಕ್ಕೆ ಹೋಗುತ್ತದೆ. ಮೂತ್ರದ ಸಾಂದ್ರತೆ (ಲೀಟರಿನಲ್ಲಿ ಕರಗಿದ ಕಣಗಳ ಲೆಕ್ಕ) 50ರಿಂದ 1,200 ಮಿಲಿಆಸ್ಮೋಲ್‌ವರೆಗೆ ಬದಲಾಗುವುದು ಹೀಗೆ.

ತೊಡಕಿರುವುದು ಮುಂದಿನ ಸಂಗತಿಯಲ್ಲಿ. ವ್ಯಾಸೊಪ್ರೆಸಿನ್ ಸಾಮಾನ್ಯವಾಗಿ ಸಾಂದ್ರತೆಯ ಮಾತು ಕೇಳುತ್ತದೆ. ಆದರೆ ರಕ್ತದ ಗಾತ್ರ ಶೇ. 8–10ರಷ್ಟು ಕುಸಿದರೆ, ಅಥವಾ ಹೃದಯ ಸರಿಯಾಗಿ ಒತ್ತದೆ ಅಪಧಮನಿಗಳು ಖಾಲಿಯೆಂದು ಮೈಗೆ ಅನ್ನಿಸಿದರೆ, ಸಾಂದ್ರತೆಯನ್ನು ಕಡೆಗಣಿಸಿ ನೀರು ಹಿಡಿಯುತ್ತದೆ. ಮಾತ್ರೆಚೀಟಿ ಅವರ ಎರಡನೆಯ ರೋಗಿಯಲ್ಲಿ ಇದೇ ಆಗಿದೆ. ಅಲ್ಡೊಸ್ಟೆರಾನ್ ಉಪ್ಪು ಹಿಡಿದಿದೆ, ಅದಕ್ಕೇ ಊತ. ವ್ಯಾಸೊಪ್ರೆಸಿನ್ ಅದಕ್ಕಿಂತಲೂ ಹೆಚ್ಚು ನೀರು ಹಿಡಿದಿದೆ, ಅದಕ್ಕೇ 128. ಊತ ಕಣ್ಣಿಗೆ ಕಾಣುವ ಹೊತ್ತಿಗೆ ಎರಡು-ಮೂರು ಲೀಟರ್ ದ್ರವ ಸೇರಿರುತ್ತದೆ, ಒಂದೊಂದು ಲೀಟರಿನಲ್ಲೂ 8ರಿಂದ 9 ಗ್ರಾಂ ಉಪ್ಪು. ಮೈಯಲ್ಲಿ 20 ಗ್ರಾಂ ಉಪ್ಪು ಹೆಚ್ಚುವರಿ ಇರುವವರಿಗೆ ಇನ್ನಷ್ಟು ಉಪ್ಪು ತಿನ್ನಿಸಿದರೆ ದ್ರವ ಶ್ವಾಸಕೋಶಕ್ಕೂ ತುಂಬುತ್ತದೆ.

ಐಸಿಯು ಪಾಳಿ
ಮೇಷ್ಟ್ರು ಹೇಳಿದ್ದರ ಜೊತೆಗೆ ಮೊದಲ ರೋಗಿಯ ಬಗ್ಗೆ. ಕುಣಿಕೆಯ ದಪ್ಪ ಭಾಗ ನೀರನ್ನು ಬಿಟ್ಟು ಉಪ್ಪನ್ನು ಮಾತ್ರ ಎಳೆಯುತ್ತದೆ. ಇದರಿಂದ ಎರಡು ಕೆಲಸ ಆಗುತ್ತವೆ: ನಾಳದೊಳಗಿನ ದ್ರವ ತೆಳುವಾಗುತ್ತದೆ, ಸುತ್ತಲಿನ ಕಿಡ್ನಿಯ ಒಳಪದರ ಉಪ್ಪಾಗುತ್ತದೆ. ಆ ಉಪ್ಪಿನ ಒಳಪದರವೇ ನೀರನ್ನು ವಾಪಸ್ ಸೆಳೆಯುವುದು. ಫ್ಯುರೊಸೆಮೈಡ್ ಎಂಬ ಮೂತ್ರವರ್ಧಕ ಈ ಜಾಗವನ್ನೇ ತಡೆಯುವುದರಿಂದ ಒಳಪದರದ ಸೆಳೆತವೂ ತಗ್ಗುತ್ತದೆ, ಮೂತ್ರದಲ್ಲಿ ನೀರೂ ಧಾರಾಳ ಹೋಗುತ್ತದೆ. ಥಯಾಜೈಡ್ ಕೆಲಸ ಮಾಡುವುದು ಮುಂದಿನ ತುಣುಕಿನಲ್ಲಿ. ಅಲ್ಲಿ ಮೂತ್ರ ತೆಳುವಾಗುವುದು ನಿಲ್ಲುತ್ತದೆ, ಒಳಪದರದ ಸೆಳೆತ ಮಾತ್ರ ಪೂರ್ತಿ ಹಾಗೇ ಉಳಿಯುತ್ತದೆ. ಉಪ್ಪು ಹೋಗುತ್ತದೆ, ಪೊಟ್ಯಾಷಿಯಂ ಹೋಗುತ್ತದೆ, ಕುಡಿದ ನೀರು ಹೋಗುವುದಿಲ್ಲ. ವಯಸ್ಸಾದ, ಕಡಿಮೆ ತೂಕದ ಹೆಂಗಸರಲ್ಲಿ ಮೊದಲ ಕೆಲವು ವಾರಗಳಲ್ಲೇ ಸೋಡಿಯಂ ಬೀಳುವುದು ಇದಕ್ಕೆ. ಆ ಮಾತ್ರೆ ಶುರು ಮಾಡಿದವರಿಗೆ ಒಂದೆರಡು ವಾರದಲ್ಲಿ ಸೋಡಿಯಂ, ಪೊಟ್ಯಾಷಿಯಂ ನೋಡಲೇಬೇಕು. 126 ಬಂದು ತೂರಾಟವೂ ಇದ್ದರೆ ಅಂದೇ ಡಾಕ್ಟರಿಗೆ ತೋರಿಸಿ. ಮಾತ್ರೆ ನಿಲ್ಲಿಸುವುದು, ಬದಲಿಸುವುದು ಅವರ ತೀರ್ಮಾನ. ಗೊಂದಲ, ವಾಂತಿ, ಫಿಟ್ಸ್, ಮಂಪರು ಇದ್ದರೆ ಮನೆಮದ್ದಿನ ಮಾತೇ ಬೇಡ, ನೇರ ಆಸ್ಪತ್ರೆ.

ಪಥ್ಯದಡುಗೆ
ಆಸ್ಪತ್ರೆಗೆ ಹೋದರೆ ಒಂದು ಬಾಟಲಿ ಸಲೈನ್ ಹಾಕಿದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಇದೆಯಲ್ಲ? ಅದೂ ಉಪ್ಪುನೀರೇ ತಾನೆ.

ಐಸಿಯು ಪಾಳಿ
ಯಾವ ಕಾರಣಕ್ಕೆ ಸೋಡಿಯಂ ಇಳಿದಿದೆ ಎಂಬುದರ ಮೇಲೆ ಹೋಗುತ್ತದೆ. ಭೇದಿಯಿಂದ ಗಾತ್ರ ಕುಸಿದವರಿಗೆ ನಾರ್ಮಲ್ ಸಲೈನ್ ಸರಿಯಾದ ಮದ್ದು. ಗಾತ್ರ ಸರಿಯಿದ್ದೂ ವ್ಯಾಸೊಪ್ರೆಸಿನ್ ಸುಮ್ಮನೆ ಸುರಿಯುತ್ತಿದ್ದರೆ, ಅಂದರೆ ನ್ಯುಮೋನಿಯಾ, ಮೆದುಳಿನ ಪೆಟ್ಟು, ಶ್ವಾಸಕೋಶದ ಕ್ಯಾನ್ಸರ್, ಫಿಟ್ಸ್ ಮಾತ್ರೆ ಕಾರ್ಬಮಾಜೆಪೈನ್, ಖಿನ್ನತೆಯ ಮಾತ್ರೆ ಎಸ್ಸಿಟಲೋಪ್ರಾಮ್‌ನಂಥ ಕಾರಣಗಳಿದ್ದರೆ, ಅದೇ ಬಾಟಲಿ ಸೋಡಿಯಂ ಅನ್ನು ಇನ್ನಷ್ಟು ಇಳಿಸಬಹುದು.

ಲೆಕ್ಕ ಹೀಗೆ. ಒಂದು ಲೀಟರ್ ನಾರ್ಮಲ್ ಸಲೈನಿನಲ್ಲಿ ಸೋಡಿಯಂ 154, ಕ್ಲೋರೈಡ್ 154, ಒಟ್ಟು 308 ಮಿಲಿಆಸ್ಮೋಲ್. ರೋಗಿಯ ಮೂತ್ರದ ಸಾಂದ್ರತೆ 616ರಲ್ಲಿ ಕಚ್ಚಿಕೊಂಡಿದೆ ಎನ್ನಿ. ಈ ರೋಗಿಯಲ್ಲಿ ಉಪ್ಪು ಹೊರಹಾಕುವ ವ್ಯವಸ್ಥೆ ಸರಿಯಿದೆ, ಹಾಗಾಗಿ ಕೊಟ್ಟ 308ನ್ನೂ ಕಿಡ್ನಿ ಹೊರಹಾಕುತ್ತದೆ, ಆದರೆ ಅರ್ಧ ಲೀಟರ್ ಮೂತ್ರದಲ್ಲೇ. ಉಳಿದ ಅರ್ಧ ಲೀಟರ್ ಬರೀ ನೀರಾಗಿ ಮೈಯಲ್ಲಿ ಉಳಿಯಿತು. ಅದೇ 3 ಪರ್ಸೆಂಟ್ ಸಲೈನ್ ಆದರೆ ಲೀಟರಿಗೆ 1,026 ಮಿಲಿಆಸ್ಮೋಲ್. ಅದು ಹೊರಬರಲು 1,665 ಮಿಲಿಲೀಟರ್ ಮೂತ್ರ ಬೇಕು, ಅಂದರೆ ಕೊಟ್ಟದ್ದಕ್ಕಿಂತ 665 ಹೆಚ್ಚು ಹೋಯಿತು. ಇದು ಲೆಕ್ಕ ತಿಳಿಯಲು ಮಾತ್ರ, ಯಾರೂ ಒಂದು ಲೀಟರ್ ಕೊಡುವುದಿಲ್ಲ. ಫಿಟ್ಸ್ ಬಂದವರಿಗೆ 100ರಿಂದ 150 ಮಿಲಿಲೀಟರ್ ಅನ್ನು 10–20 ನಿಮಿಷದಲ್ಲಿ ಕೊಟ್ಟು ಮತ್ತೆ ನೋಡುವುದು. ಸೋಡಿಯಂ 4ರಿಂದ 6 ಏರಿದರೆ ಮೆದುಳಿನ ಅಪಾಯ ಬಹುತೇಕ ಇಳಿಯುತ್ತದೆ.

ಬೇಗ ಏರಿಸುವುದೂ ಅಷ್ಟೇ ಕೆಟ್ಟದ್ದು. ದಿನಗಟ್ಟಲೆ ಕಡಿಮೆ ಸೋಡಿಯಂನಲ್ಲಿದ್ದ ಮೆದುಳಿನ ಜೀವಕೋಶಗಳು ತಮ್ಮೊಳಗಿನ ಲವಣ ಮತ್ತು ಇತರ ಕಣಗಳನ್ನು ಹೊರಹಾಕಿ ಹೊಂದಿಕೊಂಡಿರುತ್ತವೆ. 24 ಗಂಟೆಯಲ್ಲಿ 8–10ಕ್ಕಿಂತ ಹೆಚ್ಚು ಏರಿದರೆ ನರಗಳ ಹೊದಿಕೆ ಕಳಚಿ ಮಾತು, ನುಂಗುವಿಕೆ, ಕೈಕಾಲಿನ ಬಲ ಹೋಗಬಹುದು. ಅದೂ ಕೂಡಲೇ ಕಾಣುವುದಿಲ್ಲ, ಕೆಲವು ದಿನ ಕಳೆದು ಕಾಣುತ್ತದೆ. ಥಯಾಜೈಡ್ ನಿಲ್ಲಿಸಿದವರಲ್ಲಿ, ಭೇದಿಗೆ ಸಲೈನ್ ಪಡೆದವರಲ್ಲಿ ಈ ಭಯ ಜಾಸ್ತಿ. ನೀರು ಹಿಡಿದಿಟ್ಟ ಕಾರಣ ಹೋದ ತಕ್ಷಣ ತೆಳು ಮೂತ್ರ ಸುರಿಯಲು ಶುರುವಾಗಿ ಸೋಡಿಯಂ ತಾನಾಗಿ ಹಾರುತ್ತದೆ. ಮೂತ್ರ ಗಂಟೆಗೆ 100 ಮಿಲಿಲೀಟರ್ ದಾಟಿದ್ದನ್ನು ಕಂಡ ನರ್ಸ್ ಅದನ್ನು "ಒಳ್ಳೆ ಮೂತ್ರ ಹೋಗ್ತಿದೆ" ಎಂದು ಬರೆದು ಸುಮ್ಮನಾಗಬಾರದು, ಕೂಡಲೇ ಡಾಕ್ಟರಿಗೆ ತಿಳಿಸಬೇಕು. 4ರಿಂದ 6 ಗಂಟೆಗೊಮ್ಮೆ ಸೋಡಿಯಂ ಪರೀಕ್ಷೆ ಕೇಳುವುದು ಇದಕ್ಕಾಗಿಯೇ. ಅದನ್ನು ಬಿಲ್ ಏರಿಸುವ ದಾರಿ ಎಂದು ಮನೆಯವರು ತಿಳಿಯಬಾರದು.

ಲ್ಯಾಬ್ ಮೇಜು
ರಕ್ತದ ಸೋಡಿಯಂ ಒಂದರಿಂದಲೇ ಕಾರಣ ಹೇಳಲಾಗದು. ಅದೇ ಹೊತ್ತಿನ ಮೂತ್ರವೂ ಬೇಕು, ಡ್ರಿಪ್ ಹಾಕುವ ಮೊದಲೇ ತೆಗೆದದ್ದಾದರೆ ಉತ್ತಮ.

ಮೂತ್ರದ ಸಾಂದ್ರತೆ 100ಕ್ಕಿಂತ ಕೆಳಗಿದ್ದರೆ ಕಿಡ್ನಿ ಸರಿಯಾಗಿಯೇ ನೀರು ಹೊರಹಾಕುತ್ತಿದೆ, ಕುಡಿದದ್ದು ಅದರ ಮಿತಿ ಮೀರಿದೆ. 100ರ ಮೇಲಿದ್ದರೆ ವ್ಯಾಸೊಪ್ರೆಸಿನ್ ಕೆಲಸ ಮಾಡುತ್ತಿದೆ. ಆಗ ಮೂತ್ರದ ಸೋಡಿಯಂ ನೋಡಿ: 30ಕ್ಕಿಂತ ಕಡಿಮೆಯಾದರೆ ಕಿಡ್ನಿಗೆ ರಕ್ತ ಸಾಲದೆನಿಸಿದೆ, ಭೇದಿ, ಹೃದಯ ವೈಫಲ್ಯ, ಲಿವರ್ ಸಿರೋಸಿಸ್ ಮೂರರಲ್ಲೂ ಹೀಗೇ. ಭೇದಿಯವರಿಗೆ ಊತ ಇರುವುದಿಲ್ಲ, ಉಳಿದಿಬ್ಬರಿಗೆ ಇರುತ್ತದೆ. 30ಕ್ಕಿಂತ ಹೆಚ್ಚಾದರೆ ಮೂತ್ರವರ್ಧಕ ಮಾತ್ರೆ, ಕಾರಣವಿಲ್ಲದೆ ಸುರಿಯುವ ವ್ಯಾಸೊಪ್ರೆಸಿನ್, ಅಡ್ರಿನಲ್ ಗ್ರಂಥಿಯ ಕೊರತೆ ಇವನ್ನು ಯೋಚಿಸಬೇಕು. ಕಾರ್ಟಿಸಾಲ್ ಮತ್ತು ಥೈರಾಯ್ಡ್ ಪರೀಕ್ಷೆ ಬಿಡಬಾರದು.

ಸಕ್ಕರೆ ಕಾಯಿಲೆಯವರಲ್ಲಿ ಇನ್ನೊಂದು ಎಚ್ಚರ. ಗ್ಲೂಕೋಸ್ 100ರ ಮೇಲೆ ಪ್ರತಿ 100 ಏರಿದರೂ ಸೋಡಿಯಂ ಸುಮಾರು 1.6 ಇಳಿದು ತೋರುತ್ತದೆ, ಜೀವಕೋಶದೊಳಗಿನ ನೀರು ರಕ್ತಕ್ಕೆ ಬರುವುದರಿಂದ. ಗ್ಲೂಕೋಸ್ 500, ಸೋಡಿಯಂ 129 ಇದ್ದವರಿಗೆ ಸಕ್ಕರೆ ಇಳಿಸಿದರೆ ಸೋಡಿಯಂ 135ರ ಆಸುಪಾಸಿಗೆ ಬರುತ್ತದೆ.

ಬೆಳಗಿನ ತಂಬಿಗೆ
ನೀರಿನ ಮೇಲೆ ಇಷ್ಟೊಂದು ತಪ್ಪು ಹೊರಿಸುವುದು ಸರಿ ಕಾಣುವುದಿಲ್ಲ. ದಿನಕ್ಕೆ ನಾಲ್ಕೈದು ಲೀಟರ್ ಕುಡಿದರೆ ಕಿಡ್ನಿ ತೊಳೆದಂತಾಗುತ್ತದೆ, ಕಲ್ಲು ಬರುವುದಿಲ್ಲ ಎಂದು ಡಾಕ್ಟರುಗಳೇ ಹೇಳುತ್ತಾರಲ್ಲ. ಆರೋಗ್ಯವಂತ ಕಿಡ್ನಿ ದಿನಕ್ಕೆ 12 ಲೀಟರಿಗಿಂತ ಹೆಚ್ಚು ಹೊರಹಾಕಬಲ್ಲದು ಎಂದೂ ಪುಸ್ತಕದಲ್ಲಿದೆ.

ಶರೀರಕ್ರಿಯೆ ಮೇಷ್ಟ್ರು
ಕಲ್ಲಿನ ಮಾತು ನಿಜ. ಕಲ್ಲಾದವರಿಗೆ ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಬೇಕು, ಜೊತೆಗೆ ಉಪ್ಪೂ ಇಳಿಯಬೇಕು, ಏಕೆಂದರೆ ಮೂತ್ರಕ್ಕೆ ಸೋಡಿಯಂ ಹೆಚ್ಚು ಹೋದರೆ ಕ್ಯಾಲ್ಸಿಯಂ ಕೂಡ ಹೆಚ್ಚು ಹೋಗುತ್ತದೆ. ಆದರೆ ಪುಸ್ತಕದ 12 ಲೀಟರಿಗೆ ಒಂದು ಷರತ್ತಿದೆ ಸರ್. ಕಿಡ್ನಿ ಬರೀ ನೀರನ್ನು ಹೊರಹಾಕಲಾರದು. ಪ್ರತಿ ಲೀಟರ್ ಮೂತ್ರದ ಜೊತೆ ಕನಿಷ್ಠ 50 ಮಿಲಿಆಸ್ಮೋಲ್ ಕಣಗಳು ಹೋಗಲೇಬೇಕು. ಅವು ಬರುವುದು ಊಟದಿಂದ: ಉಪ್ಪು, ಪೊಟ್ಯಾಷಿಯಂ, ಪ್ರೋಟೀನಿನಿಂದಾಗುವ ಯೂರಿಯಾ. ಸರಿಯಾಗಿ ಉಣ್ಣುವವರಿಗೆ ದಿನಕ್ಕೆ 600ರಿಂದ 900 ಸಿಗುತ್ತದೆ, 600ನ್ನು 50ರಿಂದ ಭಾಗಿಸಿದರೆ ನಿಮ್ಮ 12 ಲೀಟರ್ ಬಂತು.

ಬಾಯಿ ರುಚಿ ಸತ್ತು ಅಕ್ಕಿ ಗಂಜಿ, ಬ್ರೆಡ್ಡು, ಚಹಾದಲ್ಲೇ ದಿನ ತಳ್ಳುವ ವೃದ್ಧರನ್ನು ನೋಡಿ. ಅವರಿಗೆ ದಿನಕ್ಕೆ 200 ಸಿಕ್ಕರೆ ಹೆಚ್ಚು. ವಯಸ್ಸಾದ ಕಿಡ್ನಿ ಮೂತ್ರವನ್ನು 100ಕ್ಕಿಂತ ತೆಳು ಮಾಡಲು ಒದ್ದಾಡುತ್ತದೆ. 200 ಭಾಗಿಸು 100, ಎರಡು ಲೀಟರ್. ಅದಕ್ಕಿಂತ ಹೆಚ್ಚು ಕುಡಿಸಿದ್ದೆಲ್ಲ, ಉಸಿರು ಮತ್ತು ಚರ್ಮದಿಂದ ಹೋಗುವಷ್ಟನ್ನು ಬಿಟ್ಟು, ಮೈಯಲ್ಲೇ ಉಳಿದು ಸೋಡಿಯಂ ಇಳಿಸುತ್ತದೆ. "ಊಟ ಸೇರ್ತಿಲ್ಲ, ನೀರಾದರೂ ಚೆನ್ನಾಗಿ ಕುಡೀಲಿ" ಎಂಬ ಕಾಳಜಿಯೇ ಇಲ್ಲಿ ಕೆಡುಕಾಗುತ್ತದೆ. ಗಂಜಿಗೆ ಹೆಸರುಬೇಳೆ, ಜೊತೆಗೆ ಮೊಟ್ಟೆ ಅಥವಾ ಮೊಸರು ಸೇರಿಸಿದರೆ ಹತ್ತು ಗ್ರಾಂ ಪ್ರೋಟೀನಿಗೆ 50ಕ್ಕೂ ಹೆಚ್ಚು ಮಿಲಿಆಸ್ಮೋಲ್ ಯೂರಿಯಾ ಸಿಕ್ಕಿ ಅರ್ಧ ಲೀಟರ್ ನೀರು ಹೆಚ್ಚಿಗೆ ಹೊರಹೋಗುತ್ತದೆ.

ಬೆಳಗಿನ ತಂಬಿಗೆ
ಪ್ರೋಟೀನಿಗೂ ನೀರಿಗೂ ಈ ಸಂಬಂಧ ಇದೆಯೆಂದು ಯಾರೂ ಹೇಳುವುದಿಲ್ಲ. ಆದರೂ ಬೇಸಿಗೆಯಲ್ಲಿ ಗದ್ದೆ ಕೆಲಸ ಮಾಡುವವರಿಗೆ ಮಿತಿ ಹೇಳಲಾಗದು.

ಶರೀರಕ್ರಿಯೆ ಮೇಷ್ಟ್ರು
ಖಂಡಿತ ಹೇಳಲಾಗದು. ಬೆವರಿನಲ್ಲಿ ಲೀಟರಿಗೆ 20ರಿಂದ 80 ಮಿಲಿಮೋಲ್ ಸೋಡಿಯಂ ಹೋಗುತ್ತದೆ, ಅವರಿಗೆ ಮಜ್ಜಿಗೆಗೆ ಉಪ್ಪು ಹಾಕುವ ರೂಢಿ ಸರಿಯಾದದ್ದೇ.

ಪಥ್ಯದಡುಗೆ
ಊಟದ ಉಪ್ಪನ್ನು ಅಳೆಯುವ ಬಗೆ ಬರೆಯುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಒಂದು ಗ್ರಾಂ ಉಪ್ಪಿನಲ್ಲಿ ಸುಮಾರು 390 ಮಿಲಿಗ್ರಾಂ ಅಥವಾ 17 ಮಿಲಿಮೋಲ್ ಸೋಡಿಯಂ. ಸುಲಭದ ಅಂದಾಜು: ನಾಲ್ಕು ಜನರ ಮನೆಗೆ ಒಂದು ಕಿಲೋ ಪ್ಯಾಕೆಟ್ 30 ದಿನ ಬಂದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿತು, ಹೊರಗಿನ ತಿಂಡಿ ಬೇರೆ. ಕಲ್ಲುಪ್ಪು ಬಳಸುವವರು ಚಮಚದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಿ. ಸಾಣಿಕಟ್ಟೆಯ ಹರಳುಪ್ಪು ಒಂದು ಚಮಚಕ್ಕೆ ಪುಡಿ ಉಪ್ಪಿಗಿಂತ ಕಡಿಮೆ ತೂಗುತ್ತದೆ. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ, ಬಿಪಿಯವರಿಗೆ ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಮನೆಯಲ್ಲಿ ಹಾಕಿದ ಉಪ್ಪಿನಕಾಯಿಯಲ್ಲಿ ತೂಕದ ಶೇ. 10ರಿಂದ 15 ಉಪ್ಪಿರುವುದು ಸಾಮಾನ್ಯ. 15 ಗ್ರಾಂ ಉಪ್ಪಿನಕಾಯಿ ಎಂದರೆ ಒಂದೂವರೆ-ಎರಡು ಗ್ರಾಂ ಉಪ್ಪು. ಹಪ್ಪಳದಲ್ಲಿ ಉಪ್ಪಿನ ಮೇಲೆ ಸೋಡಾ ಬೇರೆ. ಹೊಟ್ಟೆ ಉಬ್ಬರಕ್ಕೆ ಕುಡಿಯುವ ಫ್ರೂಟ್ ಸಾಲ್ಟ್‌ನ 5 ಗ್ರಾಂ ಪೊಟ್ಟಣದಲ್ಲಿ ಸುಮಾರು 800 ಮಿಲಿಗ್ರಾಂ ಸೋಡಿಯಂ, ಅಂದರೆ ಎರಡು ಗ್ರಾಂ ಉಪ್ಪು ತಿಂದ ಹಾಗೆ. ಹೃದಯದ ರೋಗಿ ಸಪ್ಪೆ ಸಾರು ಉಂಡು ರಾತ್ರಿ ಇದನ್ನು ಕುಡಿದರೆ ದಿನದ ಪಥ್ಯ ನೀರುಪಾಲು. ಡಯಾಲಿಸಿಸ್‌ನವರಿಗೂ ನೀರು ಕುಡಿಯಬೇಡಿ ಎಂದು ಗದರುವುದಕ್ಕಿಂತ ಉಪ್ಪು ಇಳಿಸುವುದು ಮೇಲು. ಮೂತ್ರವೇ ಹೋಗದವರು 8 ಗ್ರಾಂ ಉಪ್ಪು ತಿಂದರೆ ಬಾಯಾರಿಕೆ ಅವರಿಂದ ಸುಮಾರು ಒಂದು ಲೀಟರ್ ಕುಡಿಸಿಯೇ ತೀರುತ್ತದೆ.

ಲ್ಯಾಬ್ ಮೇಜು
ನಿಖರವಾಗಿ ಬೇಕಿದ್ದರೆ 24 ಗಂಟೆಯ ಮೂತ್ರ. ಬೆಳಗ್ಗೆ ಎದ್ದು ಮೊದಲ ಮೂತ್ರವನ್ನು ಹೊರಗೆ ಬಿಟ್ಟು ಗಂಟೆ ಬರೆದುಕೊಳ್ಳಿ. ಅಲ್ಲಿಂದ ಮಾರನೆಯ ಬೆಳಗ್ಗೆ ಅದೇ ಗಂಟೆಯ ಮೂತ್ರದವರೆಗೆ ಒಂದು ಹನಿಯೂ ಬಿಡದೆ ಕ್ಯಾನಿಗೆ. ಒಟ್ಟು 2 ಲೀಟರ್, ಸೋಡಿಯಂ 120 ಬಂದರೆ 240 ಮಿಲಿಮೋಲ್, 17ರಿಂದ ಭಾಗಿಸಿದರೆ 14 ಗ್ರಾಂ ಉಪ್ಪು. ಹೆಚ್ಚಿನವರು ತಪ್ಪುವುದು ಮೊದಲ ಮೂತ್ರವನ್ನೂ ಹಿಡಿಯುವುದರಲ್ಲಿ ಅಥವಾ ಮಲವಿಸರ್ಜನೆ ಹೊತ್ತಿನದ್ದು ಬಿಟ್ಟುಹೋಗುವುದರಲ್ಲಿ. ಅದಕ್ಕೇ ಜೊತೆಗೆ ಕ್ರಿಯಾಟಿನಿನ್ ಅಳೆಸಿ ಸಂಗ್ರಹ ಪೂರ್ತಿಯೇ ಎಂದು ನೋಡುವುದು.

ಮಾತ್ರೆಚೀಟಿ
ಊತಕ್ಕೆ ಫ್ಯುರೊಸೆಮೈಡ್ ನುಂಗುತ್ತಿದ್ದರೂ ಇಳಿಯುತ್ತಿಲ್ಲ ಎಂದು ದೂರುವವರು ಬಹಳ. ಕಾರಣ ಉಪ್ಪೊಂದೇ?

ಐಸಿಯು ಪಾಳಿ
ಉಪ್ಪು ದೊಡ್ಡ ಕಾರಣ. ಮಾತ್ರೆಯ ಪ್ರಭಾವ ಸುಮಾರು 6 ಗಂಟೆ. ಉಳಿದ 18 ಗಂಟೆ ಕಿಡ್ನಿ ಸಿಕ್ಕ ಸೋಡಿಯಂ ಅನ್ನೆಲ್ಲ ಬಾಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಉಪ್ಪಿನೂಟ ಸಿಕ್ಕರೆ ಬೆಳಗ್ಗೆ ಹೋದದ್ದು ರಾತ್ರಿಯೊಳಗೆ ವಾಪಸ್. ಎರಡು ಬಾರಿ ಬರೆದಿದ್ದರೆ ಬೆಳಗ್ಗೆ 8 ಮತ್ತು ಮಧ್ಯಾಹ್ನ 2ರ ಸುಮಾರಿಗೆ ಕೊಡುವುದು ಅದಕ್ಕೆ, ರಾತ್ರಿ ನಿದ್ದೆಯೂ ಕೆಡುವುದಿಲ್ಲ. ಎರಡನೆಯದು, ಈ ಮಾತ್ರೆಗೆ ಒಂದು ಹೊಸ್ತಿಲ ಪ್ರಮಾಣವಿದೆ. 20 ಮಿಲಿಗ್ರಾಂಗೆ ಮೂತ್ರ ಹೆಚ್ಚದಿದ್ದರೆ ಅದನ್ನೇ ಎರಡು ಸಲ ಕೊಟ್ಟು ಲಾಭವಿಲ್ಲ, ಒಂದೇ ಸಲಕ್ಕೆ 40 ಬೇಕಾಗಬಹುದು. ಕರುಳೂ ಊದಿದ್ದರೆ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ, ಆಗ ಡಾಕ್ಟರು ಟಾರ್ಸೆಮೈಡ್‌ಗೋ ಇಂಜೆಕ್ಷನ್‌ಗೋ ಬದಲಿಸುತ್ತಾರೆ. ಸಿರೋಸಿಸ್ ಹೊಟ್ಟೆನೀರಿಗೆ ಮುಖ್ಯ ಮದ್ದು ಸ್ಪೈರೊನೊಲ್ಯಾಕ್ಟೋನ್, ಅಲ್ಲಿ ಅಲ್ಡೊಸ್ಟೆರಾನ್ ಆಟವೇ ಜೋರು. ಸಾಮಾನ್ಯವಾಗಿ 100ಕ್ಕೆ 40ರ ಜೋಡಿಯಲ್ಲಿ ಫ್ಯುರೊಸೆಮೈಡ್ ಸೇರಿಸುವುದು.

ಮೂರನೆಯದನ್ನು ಕೌಂಟರಿನಲ್ಲೇ ಹಿಡಿಯಬಹುದು: ಮಂಡಿನೋವಿಗೆ ಚೀಟಿಯಿಲ್ಲದೆ ಒಯ್ಯುವ ಡೈಕ್ಲೊಫೆನಾಕ್, ಐಬುಪ್ರೊಫೆನ್. ಇವು ಕಿಡ್ನಿಯ ಪ್ರೊಸ್ಟಾಗ್ಲಾಂಡಿನ್ ತಗ್ಗಿಸಿ ಉಪ್ಪು ಹಿಡಿಸುತ್ತವೆ, ಮೂತ್ರವರ್ಧಕದ ಬಲ ಕುಂದಿಸುತ್ತವೆ. ಬಿಪಿ ಮಾತ್ರೆಗಳಾದ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್, ಮೂತ್ರವರ್ಧಕ, ಈ ನೋವಿನ ಮಾತ್ರೆ ಮೂರೂ ಒಟ್ಟಾಗಿ, ಮೇಲೆ ಎರಡು ದಿನ ಭೇದಿ ಬಂದರೆ ಕಿಡ್ನಿ ಸೋಸುವುದೇ ನಿಲ್ಲಬಹುದು. ಮೂತ್ರವರ್ಧಕ ನುಂಗುವವರಿಗೆ ದಯವಿಟ್ಟು ಕೇಳದೆ ನೋವಿನ ಮಾತ್ರೆ ಕೊಡಬೇಡಿ.

ಮನೆಯಲ್ಲಿ ಬೆಳಗ್ಗೆ ಮೂತ್ರ ಮಾಡಿ, ತಿಂಡಿಗೆ ಮೊದಲು, ಅದೇ ತಕ್ಕಡಿಯಲ್ಲಿ ತೂಕ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ಎರಡು ಲೀಟರ್ ದ್ರವ. ಉಸಿರು ಕಟ್ಟುವವರೆಗೆ ಕಾಯದೆ ಅಂದೇ ಫೋನ್ ಮಾಡಿ.

ಪಥ್ಯದಡುಗೆ
ಭೇದಿಯ ಮಾತು ಬಂತಲ್ಲ, ಓಆರ್‌ಎಸ್ ಬಗ್ಗೆ ಒಂದು ಎಚ್ಚರ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು. ಆಗ ಸೋಡಿಯಂ 75, ಗ್ಲೂಕೋಸ್ 75, ಒಟ್ಟು ಸಾಂದ್ರತೆ 245. ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿ ಕೂಸಿಗೆ ಕುಡಿಸಿದರೆ ಸೋಡಿಯಂ ಅಪಾಯಕ್ಕೆ ಏರುತ್ತದೆ, ಕೂಸಿನ ಕಿಡ್ನಿಗೆ ದೊಡ್ಡವರಷ್ಟು ಗಟ್ಟಿ ಮೂತ್ರ ಮಾಡಲು ಬರುವುದಿಲ್ಲ. ಎಳನೀರಿನಲ್ಲಿ ಪೊಟ್ಯಾಷಿಯಂ ಹೆಚ್ಚು, ಸೋಡಿಯಂ ಕಡಿಮೆ. ಭೇದಿಗೆ ಅದು ಓಆರ್‌ಎಸ್ ಬದಲಿಗೆ ಆಗದು, ಕಿಡ್ನಿ ಸೋತವರಿಗಂತೂ ಕೊಡಲೇಬಾರದು.

ಮಾತ್ರೆಚೀಟಿ
ಕೊನೆಯದಾಗಿ, "ಲೋ ಸೋಡಿಯಂ" ಉಪ್ಪನ್ನು ಬಿಪಿಯವರೆಲ್ಲರಿಗೂ ಕೊಡಬಹುದೆ?

ಐಸಿಯು ಪಾಳಿ
ಕಿಡ್ನಿ ಸರಿಯಿರುವವರಿಗೆ ಒಳ್ಳೆಯದೇ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಾಲು ಭಾಗ ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14 ಇಳಿಯಿತು. ಆದರೆ ಅಂಥ ಉಪ್ಪನ್ನು ದಿನಕ್ಕೆ 8 ಗ್ರಾಂ ತಿಂದರೆ 27 ಮಿಲಿಮೋಲ್ ಪೊಟ್ಯಾಷಿಯಂ ಹೆಚ್ಚಿಗೆ ಹೋಗುತ್ತದೆ. ಕಿಡ್ನಿ ಕಾಯಿಲೆ ಇದ್ದವರು, ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ನುಂಗುವವರು ಅದನ್ನು ಹೊರಹಾಕಲಾರದೆ ಹೃದಯದ ಬಡಿತವೇ ಕೆಡಬಹುದು. ಪ್ಯಾಕೆಟ್ಟಿನ ಹಿಂಬದಿಯಲ್ಲಿ ಪೊಟ್ಯಾಷಿಯಂ ಕ್ಲೋರೈಡ್ ಎಷ್ಟಿದೆ ಎಂದು ಓದಿ, ಚೀಟಿಯಲ್ಲಿ ಈ ಮಾತ್ರೆಗಳಿವೆಯೇ ನೋಡಿ. ಇದ್ದರೆ ಕ್ರಿಯಾಟಿನಿನ್ ಮತ್ತು ಪೊಟ್ಯಾಷಿಯಂ ವರದಿ ನೋಡಿ ಡಾಕ್ಟರು ಒಪ್ಪುವವರೆಗೆ ಆ ಪ್ಯಾಕೆಟ್ ಕೊಡಬೇಡಿ, ಮಾಮೂಲಿ ಉಪ್ಪನ್ನೇ ಕಡಿಮೆ ಬಳಸಲು ಹೇಳಿ.